ಮರಳಿ ವಿದ್ಯಾಮಂದಿರಕ್ಕೆ

ಹಳೆಯ ವಿದ್ಯಾರ್ಥಿಗಳ ಸಮ್ಮೇಳನವೆಂದರೆ ನಮ್ಮಲ್ಲಿ ಭಾಷಣ, ಭೋಜನ, ಭಾವಚಿತ್ರ, ಇಷ್ಟೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯವು 1968ರಲ್ಲಿ ಬೇರೊಂದು ದಾರಿ ಹಿಡಿಯಿತು. ಹಿಂದೆ ಕಲಿತವರು ಬೇಸಿಗೆಯಲ್ಲಿ ಸಂಸಾರಸಮೇತರಾಗಿ ಬಂದು, ವಿದ್ಯಾರ್ಥಿನಿಲಯದಲ್ಲಿಯೇ ತಂಗಿ, ಒಂದು ವಾರ ಪಾಠ ಕೇಳುವ ಏರ್ಪಾಡು ಅದು. ಪರೀಕ್ಷೆಯಿಲ್ಲ, ಅಂಕಗಳಿಲ್ಲ.

ಇಂತಹ ಏರ್ಪಾಡಿಗೆ ನಮ್ಮ ಹೈದರಾಬಾದು ತಕ್ಕ ಊರು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ತರುಣರು ಉರ್ದು ಮಾಧ್ಯಮದಲ್ಲಿ ಓದಿದರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ವಿದ್ಯಾಮಾತೆ ಇಲ್ಲಿಯೇ ಉಳಿದಳು. ದೇಶದ ಪ್ರಥಮ ಮುಕ್ತ ವಿಶ್ವವಿದ್ಯಾನಿಲಯವೂ 1982ರಲ್ಲಿ ಆರಂಭವಾದುದು ಇದೇ ನಗರದಲ್ಲಿ. ಈಗ ಅದಕ್ಕೆ ಡಾ. ಅಂಬೇಡ್ಕರ್ ಅವರ ಹೆಸರಿದೆ. ದುಡಿಯುವವರಿಗೂ ಗೃಹಿಣಿಯರಿಗೂ ಅದು ಬಾಗಿಲು ತೆರೆಯಿತು. ಆದರೆ ಅದು ಪದವಿಯ ಹಾದಿ. ನಾನು ಬಯಸುವುದು ಒಂದು ವಾರದ ವಿದ್ಯೆಯನ್ನು.

ಏಕೆಂಬಿರಾ? ನಾನು ವಾಣಿಜ್ಯ ಪದವೀಧರ. ಅಢಾವೆ ಪತ್ರಿಕೆಯನ್ನು ಕಣ್ಣುಮುಚ್ಚಿ ಓದಬಲ್ಲೆನೆಂಬ ಜಂಬವೂ ಉಂಟು. ಕಳೆದ ವರ್ಷ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಮಗಳಿಂದ ಓದಿಸಿ, ಅರ್ಥ ಕೇಳಬೇಕಾಯಿತು. ಬ್ಯಾಂಕಿನ ತರಬೇತಿಯಲ್ಲಿ ಇಂತಹದನ್ನು ಕೇಳುವಂತಿಲ್ಲ. ಅಲ್ಲಿನ ವಿಷಯವನ್ನೇ ಕೇಳಲೂ ಸಂಕೋಚ. ಪಕ್ಕದಲ್ಲಿ ಕೈಕೆಳಗಿನವರು, ಎದುರಿಗೆ ಮೇಲಧಿಕಾರಿಗಳು. ನಲವತ್ತು ದಾಟಿದವನು ‘ನನಗೆ ತಿಳಿಯದು’ ಎಂದು ನಿರ್ಭಯವಾಗಿ ಹೇಳಬಹುದಾದ ಸ್ಥಳವೆಂದರೆ ತಾನು ಓದಿದ ಕಾಲೇಜಿನ ಬೆಂಚು ಒಂದೇ.

ಶರೀರಶಾಸ್ತ್ರ, ಅರ್ಥಶಾಸ್ತ್ರ, ಸ್ವಲ್ಪ ಹಳಗನ್ನಡ; ದಿನಕ್ಕೆರಡು ಪಾಠ ಸಾಕು. ನಮ್ಮ ಸಂಘದ ಹಿರಿಯರು ಉಸ್ಮಾನಿಯಾಕ್ಕೊಂದು ಮನವಿ ಬರೆಯುವುದಾದರೆ, ಆ ಕಾಗದದಲ್ಲಿ ನನ್ನ ಸಹಿಗೂ ಸ್ಥಳವಿರಲಿ.