ಮಾರ್ಕ್ ಹ್ಯಾನಾ: ಚುನಾವಣಾ ಸಂಘಟನೆಯ ಒಂದು ಅಧ್ಯಾಯ

ರಾಜಕೀಯ ಇತಿಹಾಸದಲ್ಲಿ ಅಧಿಕಾರಕ್ಕೆ ಬಂದವರ ಚರಿತ್ರೆಯು ವಿಸ್ತಾರವಾಗಿ ದೊರೆಯುತ್ತದೆ. ಅವರನ್ನು ಅಧಿಕಾರಕ್ಕೆ ತಂದ ಪಕ್ಷ ಸಂಘಟಕರ ಕಾರ್ಯವಾದರೋ ಬಹುಮಟ್ಟಿಗೆ ತೆರೆಯ ಮರೆಯಲ್ಲಿಯೇ ಉಳಿಯುತ್ತದೆ. ಇಂತಹ ಸಂಘಟಕರಲ್ಲಿ ಅಮೆರಿಕದ ಮಾರ್ಕ್ ಹ್ಯಾನಾ ಪ್ರಮುಖನು. ಅವನ ಯಶಸ್ಸಿಗೆ ಹಣವೊಂದೇ ಕಾರಣವೇ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

1837ರಲ್ಲಿ ಒಹೈಯೊ ಸಂಸ್ಥಾನದಲ್ಲಿ ಜನಿಸಿದ ಹ್ಯಾನಾ, ಕ್ಲೀವ್‌ಲೆಂಡ್ ನಗರದಲ್ಲಿ ಕಲ್ಲಿದ್ದಲು ಮತ್ತು ಕಬ್ಬಿಣದ ವ್ಯಾಪಾರದಿಂದ ಧನಿಕನಾದನು. ಅದೇ ಸಂಸ್ಥಾನದ ಗವರ್ನರ್ ಆಗಿದ್ದ ವಿಲಿಯಂ ಮೆಕಿನ್ಲಿಯು ರಾಷ್ಟ್ರಾಧ್ಯಕ್ಷನಾಗಬೇಕೆಂಬುದು ಅವನ ಸಂಕಲ್ಪ. 1895ರಲ್ಲಿ ಅವನು ವ್ಯಾಪಾರದ ಹೊಣೆಯನ್ನು ಬಿಟ್ಟು, ದಕ್ಷಿಣದ ಜಾರ್ಜಿಯಾದಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಅಲ್ಲಿನ ಪಕ್ಷದ ಮುಖಂಡರಿಗೆ ಮೆಕಿನ್ಲಿಯ ಪರಿಚಯ ಮಾಡಿಸಿದನು. 1896ರ ಜೂನ್ ತಿಂಗಳಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿದ ರಿಪಬ್ಲಿಕನ್ ಅಧಿವೇಶನವು ಮೊದಲನೆಯ ಮತಗಣನೆಯಲ್ಲಿಯೇ ಮೆಕಿನ್ಲಿಯನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಹ್ಯಾನಾ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷನಾದನು.

ಪ್ರತಿಪಕ್ಷದ ಅಭ್ಯರ್ಥಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನನು ಅಸಾಧಾರಣ ವಾಗ್ಮಿ. ಬೆಳ್ಳಿಯ ನಾಣ್ಯಗಳನ್ನು ಮಿತಿಯಿಲ್ಲದೆ ಟಂಕಿಸಿದರೆ ಬೆಲೆಗಳು ಏರಿ ರೈತರ ಸಾಲದ ಭಾರ ಇಳಿಯುವುದೆಂಬುದು ಅವನ ವಾದ. ಅವನು ರೈಲಿನಲ್ಲಿ ಸುಮಾರು 18,000 ಮೈಲಿ ಸಂಚರಿಸಿ ಭಾಷಣ ಮಾಡಿದನು. ಮೆಕಿನ್ಲಿಯಾದರೋ ಕ್ಯಾಂಟನ್ ಊರಿನ ತನ್ನ ಮನೆಯ ಜಗುಲಿಯನ್ನು ಬಿಟ್ಟು ಪ್ರಚಾರಕ್ಕೆ ಹೊರಡಲಿಲ್ಲ. ಜನರೇ ಅವನಲ್ಲಿಗೆ ಬಂದರು. ರೈಲ್ವೆ ಕಂಪನಿಗಳು ದರವನ್ನು ಇಳಿಸಿದುದರಿಂದ ಸುಮಾರು 7,50,000 ಮಂದಿ ಅಲ್ಲಿಗೆ ತಂಡತಂಡವಾಗಿ ಬಂದು ಹೋದರೆಂದು ಅಂದಾಜು.

ಇತ್ತ ಚಿಕಾಗೋ ಮತ್ತು ನ್ಯೂಯಾರ್ಕ್ ಕಚೇರಿಗಳಿಂದ ಸುಮಾರು 1,400 ಭಾಷಣಕಾರರನ್ನೂ, ಹಲವು ಭಾಷೆಗಳಲ್ಲಿ ಮುದ್ರಿತವಾದ 20 ಕೋಟಿಗೂ ಮಿಕ್ಕ ಕಿರುಹೊತ್ತಗೆಗಳನ್ನೂ ಕಳುಹಿಸಲಾಯಿತು. ದೇಶದ ಜನಸಂಖ್ಯೆ ಆಗ 7 ಕೋಟಿಯಷ್ಟು. ವೆಚ್ಚಕ್ಕಾಗಿ ಹ್ಯಾನಾ ಬ್ಯಾಂಕುಗಳಿಂದ ಅವುಗಳ ಬಂಡವಾಳದ ಶೇಕಡಾ ಕಾಲರಷ್ಟನ್ನು ಕಂದಾಯದಂತೆ ಕೇಳಿದನು. ಸಂಗ್ರಹವಾದ ಮೊತ್ತ ಸುಮಾರು 35 ಲಕ್ಷ ಡಾಲರ್. ಬ್ರಯಾನನಿಗೆ ದೊರೆತದ್ದು ಇದರ ಅಲ್ಪಾಂಶ ಮಾತ್ರ. ಮೆಕಿನ್ಲಿಗೆ 271, ಬ್ರಯಾನನಿಗೆ 176 ನಿರ್ವಾಚಕ ಮತಗಳು ಬಂದವು.

ವ್ಯಂಗ್ಯಚಿತ್ರಕಾರ ಹೋಮರ್ ಡೇವನ್‌ಪೋರ್ಟ್, ಡಾಲರ್ ಚಿಹ್ನೆಗಳ ಉಡುಪು ತೊಟ್ಟ ಸ್ಥೂಲಕಾಯನನ್ನಾಗಿ ಹ್ಯಾನಾನನ್ನು ಚಿತ್ರಿಸಿದನು. ಇತಿಹಾಸದ ವಿದ್ಯಾರ್ಥಿಯು ಈ ಚಿತ್ರವನ್ನು ಸಾಕ್ಷ್ಯವೆಂದು ಸ್ವೀಕರಿಸುವ ಮುನ್ನ ಬೇರೆ ಸಂಗತಿಗಳನ್ನೂ ತೂಗಿನೋಡಬೇಕು. 1893ರ ಆರ್ಥಿಕ ಕುಸಿತವು ಡೆಮೊಕ್ರಾಟಿಕ್ ಪಕ್ಷದ ಆಡಳಿತದಲ್ಲಿ ಸಂಭವಿಸಿತ್ತು. ಬೆಲೆಗಳು ಏರಿದರೆ ತಮ್ಮ ಕೂಲಿಯ ಮೌಲ್ಯ ಕುಗ್ಗೀತೆಂಬ ಭಯ ಕಾರ್ಮಿಕರಲ್ಲಿತ್ತು. ಹ್ಯಾನಾ ಸರ್ವಶಕ್ತನೂ ಆಗಿರಲಿಲ್ಲ: 1900ರಲ್ಲಿ ಥಿಯೋಡೋರ್ ರೂಸ್‌ವೆಲ್ಟನು ಉಪಾಧ್ಯಕ್ಷ ಪದವಿಯ ಅಭ್ಯರ್ಥಿಯಾಗುವುದನ್ನು ತಡೆಯಲು ಅವನಿಂದ ಆಗಲಿಲ್ಲ. ಮೆಕಿನ್ಲಿಯ ಹತ್ಯೆಯಿಂದ ಮರುವರ್ಷವೇ ರೂಸ್‌ವೆಲ್ಟನು ರಾಷ್ಟ್ರಾಧ್ಯಕ್ಷನಾದನು. ಸೆನೆಟ್ ಸದಸ್ಯನಾಗಿದ್ದ ಹ್ಯಾನಾ 1904ರಲ್ಲಿ ತೀರಿಕೊಂಡನು.

ಆದಕಾರಣ, ಹಣವು ಮತದಾರರ ಅಭಿಪ್ರಾಯವನ್ನು ಸೃಷ್ಟಿಸಿತೆನ್ನುವುದಕ್ಕಿಂತ, ಇದ್ದ ಅಭಿಪ್ರಾಯವನ್ನು ಬಲಪಡಿಸಿ ಮತಪೆಟ್ಟಿಗೆಯವರೆಗೆ ತಲುಪಿಸಿತೆನ್ನುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಇಷ್ಟರಿಂದ ಆ ಪದ್ಧತಿಯು ನಿರ್ದೋಷವೆಂದಾಗುವುದಿಲ್ಲ. ಒಂದು ಪಕ್ಷದ ಮಾತು ಮನೆಮನೆಗೆ ತಲುಪಿ, ಇನ್ನೊಂದರದು ಒಬ್ಬನ ಕಂಠಬಲವನ್ನೇ ನೆಚ್ಚಿದರೆ ಮತದಾರನ ವಿವೇಚನೆಗೆ ಸಮಾನ ಅವಕಾಶ ಉಳಿಯದು. 1907ರ ಟಿಲ್ಮನ್ ಶಾಸನವು ರಾಷ್ಟ್ರೀಯ ಚುನಾವಣೆಗಳಿಗೆ ಕಂಪನಿಗಳು ಹಣ ಕೊಡುವುದನ್ನು ನಿಷೇಧಿಸಿದ್ದು ಈ ಅಸಮತೆಯ ಅರಿವಿನಿಂದಲೇ. ಚುನಾವಣೆಯ ವೆಚ್ಚಕ್ಕೆ ಮಿತಿ ಎಲ್ಲಿ ಎಂಬ ಪ್ರಶ್ನೆಯನ್ನು ಹ್ಯಾನಾನ ಕಾರ್ಯವು ಎಲ್ಲ ಪ್ರಜಾಪ್ರಭುತ್ವಗಳ ಮುಂದೆಯೂ ಇಟ್ಟಿದೆ.