ಸೋಮಾರಿತನವಲ್ಲ, ರಕ್ತಹೀನತೆ!

ಮಧ್ಯಾಹ್ನದ ಪಾಠಕ್ಕೆ ತೂಕಡಿಸುವ, ಆಟದ ಪೀರಿಯಡ್ಡಿನಲ್ಲಿ ಮರದ ನೆರಳಿಗೆ ಹೋಗಿ ಕೂರುವ, ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ಕೊರಗುವ ಹುಡುಗಿ ಪ್ರತಿಯೊಂದು ಶಾಲೆಯಲ್ಲೂ ಇರುತ್ತಾಳೆ. ಶಾಲೆಯಲ್ಲಿ ಆಕೆಗೆ ‘ಸೋಮಾರಿ’ ಎಂಬ ಬಿರುದು. ಮನೆಯಲ್ಲಿ ‘ಓದಿನ ಮೇಲೆ ಗಮನವಿಲ್ಲ’ ಎಂಬ ಬೈಗುಳ. ಆದರೆ ಆಕೆಯ ರಕ್ತದಲ್ಲಿ ಹಿಮೊಗ್ಲೋಬಿನ್ ಎಷ್ಟಿದೆ ಎಂದು ನೋಡಿದವರು ಯಾರು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರೂ ಹೊರತಲ್ಲ, ಅವರಲ್ಲಿ ಶೇ 31.

ದೇಹದ ಮೂಲೆ ಮೂಲೆಗೆ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೊಗ್ಲೋಬಿನ್. ಅದರ ತಯಾರಿಗೆ ಕಬ್ಬಿಣಾಂಶ ಬೇಕು. ಹದಿಹರೆಯದಲ್ಲಿ ದೇಹ ಭರದಿಂದ ಬೆಳೆಯುವುದರಿಂದ ಈ ಬೇಡಿಕೆ ಹೆಚ್ಚು. ಹುಡುಗಿಯರಿಗೆ ಮುಟ್ಟಿನ ರಕ್ತಸ್ರಾವದ ನಷ್ಟವೂ ಸೇರುತ್ತದೆ. ಕೊರತೆಯಾದರೆ ಆಯಾಸ, ಏದುಸಿರು, ಮರೆವು.

ವಾರಕ್ಕೊಂದು ಮಾತ್ರೆ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ನೀಡುವ ಯೋಜನೆ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದ ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆಯನ್ನೂ ಕೊಡುತ್ತಾರೆ.

ಆದರೆ ಹಂಚಿದ ಮಾತ್ರ‍ೆಯೆಲ್ಲ ಹೊಟ್ಟೆ ಸೇರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದ ಒಬ್ಬಳಿಗೆ ವಾಕರಿಕೆ ಬಂದರೆ ಸಾಕು, ಮುಂದಿನ ವಾರ ಇಡೀ ತರಗತಿಯ ಮಾತ್ರೆ ಕಿಟಕಿಯಾಚೆ ಬೀಳುತ್ತದೆ! ಬಿಸಿಯೂಟವಾದ ಮೇಲೆ, ಶಿಕ್ಷಕರ ಎದುರಿನಲ್ಲೇ ನುಂಗಿಸಬೇಕು. ಶಿಕ್ಷಕರೂ ಒಂದು ನುಂಗಿ ತೋರಿಸಿದರೆ ಮಕ್ಕಳ ಭಯ ಹೋಗುತ್ತದೆ. ಮಲ ಕಪ್ಪಾಗುವುದು ಸಹಜವೆಂದು ಮೊದಲೇ ತಿಳಿಸಬೇಕು. ಜ್ವರ, ಕಾಯಿಲೆ ಇದ್ದವರಿಗೆ ಅಂದು ಬೇಡ.

ಮಾತ್ರೆಯೊಂದೇ ಸಾಲದು. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮುಟ್ಟಿನ ದಿನಗಳಲ್ಲಿ ಹುಡುಗಿಯರು ಶಾಲೆಗೇ ಬರುವುದಿಲ್ಲ. ಅತಿಯಾದ ಸ್ರಾವವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲು ಒಬ್ಬ ಶಿಕ್ಷಕಿಯಾದರೂ ಇರಬೇಕು.

ಹೆತ್ತವರ ಪಾಲು

ಖಾಸಗಿ ಶಾಲೆಯ ಮಕ್ಕಳಿಗೆ ರಕ್ತಹೀನತೆ ಬಾರದು ಎಂದುಕೊಳ್ಳಬೇಡಿ. ಬೆಳಗ್ಗೆ ತಿಂಡಿ ಬಿಟ್ಟು ವ್ಯಾನ್ ಹತ್ತುವ, ಸಂಜೆ ಚಿಪ್ಸ್‌ನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳು ಅಲ್ಲೇನೂ ಕಡಿಮೆ ಇಲ್ಲ.

ಸೊಪ್ಪಿನ ಸಾರು, ಹುರುಳಿ, ಮೊಳಕೆ ಕಾಳು ವಾರವಿಡೀ ತಟ್ಟೆಯಲ್ಲಿರಲಿ. ಮಾಂಸಾಹಾರಿಗಳಿಗೆ ಮಾಂಸ, ಮೀನು ಒಳ್ಳೆಯದು. ಜೊತೆಗೆ ನಿಂಬೆರಸ, ಸೀಬೆ, ನೆಲ್ಲಿಕಾಯಿ ಇದ್ದರೆ ದೇಹ ಕಬ್ಬಿಣಾಂಶವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡಿ.

ಹುಡುಗಿಯರ ಹಿಮೊಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎಂದರ್ಥ. ಆಗ ವಾರದ ಮಾತ್ರೆಯನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಬೇಕು. ಕಾರಣ ಬೇರೆಯೂ ಇರಬಹುದು.

ಅಂಕಪಟ್ಟಿಯಲ್ಲಿ ಅಂಕ ಕಡಿಮೆಯಾದರೆ ಟ್ಯೂಷನ್‌ಗೆ ಓಡುವ ಮುನ್ನ ಮಗಳಿಗೊಂದು ರಕ್ತಪರೀಕ್ಷೆ ಮಾಡಿಸಿ. ಬೇಕಿರುವುದು ಇನ್ನೊಂದು ಪಾಠವೋ, ಹೊಟ್ಟೆಗೆ ನೆಟ್ಟಗಿನ ಊಟವೋ ತಿಳಿಯುತ್ತದೆ.