ಬಾಡಿಗೆ ಲೆಕ್ಕಕ್ಕೆ ಮೂರು ಪುಸ್ತಕ

ಕಡಕೊಳದ ಸುತ್ತ ನಮ್ಮದು ಮಳೆ ನಂಬಿದ ಬೇಸಾಯ. ರಾಗಿ, ಹುರುಳಿ, ಅಲಸಂದೆ. ನಾವು ಐದು ಮನೆಯವರು ಸೇರಿ ಒಂದು ಒಕ್ಕಣೆ ಮಿಷನ್ ಇಟ್ಟುಕೊಂಡಿದ್ದೇವೆ. ಯಾರು ಓಡಿಸಿದರೂ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಬರೆಯೋ ಕೆಲಸ ನನ್ನ ತಲೆಗೆ ಬಂತು. ಓದಿದ್ದು ಏಳನೇ ಕ್ಲಾಸು, ಕೂಡಿ ಕಳೆಯೋಕೆ ಅಷ್ಟು ಸಾಕು ಅಂದುಕೊಂಡಿದ್ದೆ.

ಮೊದಲು ಒಂದೇ ಪುಸ್ತಕ. ಎಡಕ್ಕೆ ಬಾಡಿಗೆ, ಅದರ ಎದುರಿಗೇ ಕೊಟ್ಟ ಹಣ. ಆದರೆ ನಮ್ಮಲ್ಲಿ ಯಾರೂ ಬಾಡಿಗೆಗೆ ಸರಿಯಾಗಿ ಎಣಿಸಿ ಕೊಡೋದಿಲ್ಲ. ಹಾಲಿನ ಬಟವಾಡೆ ಆದಾಗ ಐನೂರು, ಕುರಿ ಮಾರಿದಾಗ ಎರಡು ಸಾವಿರ. ಭಾವಮೈದನ ವರಸೆಯ ಒಬ್ಬರದು ರಾಗಿ ಒಕ್ಕಣೆ 1,800, ಹುರುಳಿದು 700 ಇತ್ತು. 2,000 ಕೊಟ್ಟರು. ನಾನು 1,800 ಮೊದಲ ಸಾಲಿನೆದುರು, 200 ಎರಡನೇ ಸಾಲಿನೆದುರು ಬರೆದೆ. ಆರು ತಿಂಗಳಾದ ಮೇಲೆ ‘ನಾನು ಕೊಟ್ಟ ಎರಡು ಸಾವಿರ ಎಲ್ಲಿ ಭಾವ?’ ಅಂದರು. ಹುಡುಕಿದರೆ ಪುಸ್ತಕದಲ್ಲಿ 2,000 ಅನ್ನೋ ಅಂಕಿಯೇ ಇಲ್ಲ! ಒಂದು ಸುಗ್ಗಿ ಪೂರಾ ಮಾತು ನಿಂತಿತು.

ತಂಗಿ ಮಗ ಮೈಸೂರಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾನೆ. ‘ಮಾವ, ಎರಡು ಸಂಗತಿ ಒಂದೇ ಸಾಲಿಗೆ ತುರುಕಿದ್ದೀರಿ’ ಅಂದ. 1970ರಲ್ಲಿ ಐ.ಬಿ.ಎಂ. ಕಂಪನಿಯ ಎಡ್ಗರ್ ಕಾಡ್ ಎಂಬುವರು ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು ಹೊಂದಿಸೋ ದಾರಿ ತೋರಿಸಿದರಂತೆ. ನಮಗೆ ಕೋಷ್ಟಕ ಅಂದರೆ ಗೆರೆ ಹಾಕಿದ ಪುಸ್ತಕ ಅಷ್ಟೆ.

ಈಗ ಹೀಗೆ ಬರೆಯುತ್ತೇನೆ. ಮೊದಲ ಪುಟದಲ್ಲಿ ಆಸಾಮಿಗಳಿಗೆ ನಂಬರು. ನಂಜನಗೂಡು ಸೀಮೆಯಲ್ಲಿ ನಂಜುಂಡ, ಮಹದೇವ ಮನೆಗೊಬ್ಬರು, ಬರೀ ಹೆಸರು ನಂಬಿದರೆ ಕೆಟ್ಟಿರಿ. ಒಂದನೇ ಪುಸ್ತಕ ಬಾಡಿಗೆಯದು: ಬಾಡಿಗೆ ನಂಬರು, ತಾರೀಕು, ಆಸಾಮಿ ನಂಬರು, ಯಾವುದಕ್ಕೆ, ಎಷ್ಟು. ಎರಡನೆಯದು ಜಮಾ ಪುಸ್ತಕ: ಜಮಾ ನಂಬರು, ತಾರೀಕು, ಆಸಾಮಿ, ಕೈಗೆ ಬಂದ ಪೂರ್ತಿ ಹಣ. 2,000 ಬಂದರೆ 2,000ವೇ, ಒಡೆಯಬಾರದು. ಒಡೆಯೋದು ಮೂರನೆಯದರಲ್ಲಿ. ಅದರಲ್ಲಿ ಜಮಾ ನಂಬರು, ಬಾಡಿಗೆ ನಂಬರು, ಎಷ್ಟು, ಇಷ್ಟೇ. ಜಮಾ 1ರಿಂದ ಬಾಡಿಗೆ 1ಕ್ಕೆ 1,800; ಜಮಾ 1ರಿಂದ ಬಾಡಿಗೆ 2ಕ್ಕೆ 200. ಆಮೇಲೆ 500 ಕೊಟ್ಟರೆ ಅದು ಜಮಾ 2, ಬಾಡಿಗೆ 2 ಚುಕ್ತ. ಒಂದು ಜಮಾ ನಾಲ್ಕು ಬಾಡಿಗೆಗೆ ಹೋಗಬಹುದು, ಒಂದು ಬಾಡಿಗೆ ನಾಲ್ಕು ಕಂತಲ್ಲಿ ತೀರಬಹುದು. ಅದಕ್ಕೇ ಈ ಮೂರನೇ ಪುಸ್ತಕ. ಮೊದಲೆರಡರಿಂದ ಆಗೋದಿಲ್ಲ.

ಬಾಕಿಯನ್ನು ಎಲ್ಲೂ ಬರೆದಿಡೋದಿಲ್ಲ, ಕೇಳಿದಾಗ ಕೂಡಿ ಕಳೆದು ಹೇಳುತ್ತೇನೆ. ಬರೆದಿಟ್ಟ ಬಾಕಿ ಮಾರನೇ ದಿನಕ್ಕೆ ಸುಳ್ಳಾಗುತ್ತೆ. ತಪ್ಪಾದರೆ ಅಳಿಸೋದೂ ಇಲ್ಲ, ‘ವಜಾ’ ಅಂತ ಹೊಸ ಸಾಲು.

ಬಂದ ಹಣ ಯಾವ ಬಾಕಿಗೆ ಹಾಕೋದು? ಇದಕ್ಕೆ 1872ರ ಕರಾರು ಕಾಯ್ದೆಯಲ್ಲೇ ನಿಯಮ ಇದೆ, 59ರಿಂದ 61ನೇ ಕಲಮು. ಕೊಡುವವನು ಇಂಥದ್ದಕ್ಕೆ ಅಂತ ಹೇಳಿ ಕೊಟ್ಟು, ನಾವು ತಗೊಂಡರೆ ಅದಕ್ಕೇ ಹಾಕಬೇಕು. ಹೇಳದಿದ್ದರೆ ತಗೊಂಡವನ ಇಷ್ಟ. ಇಬ್ಬರೂ ಸುಮ್ಮನಿದ್ದರೆ ಹಳೇ ಬಾಕಿಗೆ ಮೊದಲು. ನಾನಂತೂ ಹಣ ಎಣಿಸೋ ಮುಂಚೆ ‘ಯಾವುದಕ್ಕೆ?’ ಅಂತ ಕೇಳಿ, ಮೂರನೇ ಪುಸ್ತಕದ ಆ ಸಾಲಿಗೆ ಅವರದೇ ರುಜು ಹಾಕಿಸುತ್ತೇನೆ. ಹೆಚ್ಚಿಗೆ ಕೊಟ್ಟಿದ್ದರೆ ಉಳಿದದ್ದು ಯಾವ ಬಾಡಿಗೆಗೂ ಸೇರದೆ ಜಮಾ ಪುಸ್ತಕದಲ್ಲೇ ನಿಲ್ಲುತ್ತೆ, ಮುಂದಿನ ಒಕ್ಕಣೆಗೆ ಅದು ಮುಂಗಡ.